ಕಾಯಬಲ್ಲ ಕ್ಯಾಮೆರಾ

ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಮಧ್ಯಮ ವರ್ಗದ ಮನೆಗಳಿಗೆ ಬಂದ ಪುಟ್ಟ ಡಿಜಿಟಲ್ ಕ್ಯಾಮೆರಾಗಳು ಈಗ ಎಲ್ಲಿವೆ? ಬಹಳಷ್ಟು ಮನೆಗಳಲ್ಲಿ ಅವು ಬೀರುವಿನ ಮೇಲಿನ ಅರೆಯಲ್ಲಿ, ನಿಂತುಹೋದ ಕೈಗಡಿಯಾರ, ಹಳೆಯ ಟಾರ್ಚು ಮತ್ತು ಮದುವೆಯ ಆಲ್ಬಮ್ಮುಗಳ ಜೊತೆ ಮಲಗಿವೆ. ಮಗುವಿನ ನಾಮಕರಣಕ್ಕೋ ಶಾಲೆಯ ಪ್ರವಾಸಕ್ಕೋ ಎಂದು ಆಸೆಪಟ್ಟು ಕೊಂಡ ವಸ್ತು. ಫೋನಿನಲ್ಲೇ ಚಿತ್ರ ತೆಗೆಯುವ ಕಾಲ ಬಂದ ಮೇಲೆ ಅದನ್ನು ಕೇಳುವವರಿಲ್ಲ. ಗುಜರಿಗೆ ಹಾಕಲು ಮನಸ್ಸು ಬಾರದು, ಇಟ್ಟುಕೊಂಡು ಏನು ಮಾಡಬೇಕೆಂದು ತಿಳಿಯದು.

ಆದರೆ ಆ ಪುಟ್ಟ ಪೆಟ್ಟಿಗೆಗೆ ಕಾಯುವುದು ಗೊತ್ತು. ಅಂಥ ಹಲವು ಕ್ಯಾಮೆರಾಗಳಲ್ಲಿ ಷಟರನ್ನು 15 ಸೆಕೆಂಡುಗಳವರೆಗೆ ತೆರೆದಿಡುವ ಏರ್ಪಾಟು ಉಂಟು. ಕೆಲವದರಲ್ಲಿ ‘ಲಾಂಗ್ ಷಟರ್’ ಎಂದು ಬರೆದಿರುತ್ತದೆ, ಕೆಲವದರಲ್ಲಿ ನಕ್ಷತ್ರಗಳ ಗುರುತು ಇರುತ್ತದೆ. ಮೆನುವಿನ ಮೂಲೆಯಲ್ಲಿ ಅಡಗಿರುವ ಈ ಸೌಲಭ್ಯವನ್ನು, ದುಡ್ಡು ಕೊಟ್ಟು ಕೊಂಡವರಲ್ಲೇ ಅನೇಕರು ಒಮ್ಮೆಯೂ ಬಳಸಿರಲಾರರು. ವಿಜ್ಞಾನ ಓದುವ ಮಕ್ಕಳಿರುವ ಮನೆಯಲ್ಲಿ ಅದು ಸಾಮಾನ್ಯ ಸಂಪತ್ತಲ್ಲ.

ಸೂರಿನಡಿಯ ಕೊಡಗಳು

ನಮ್ಮ ಕಣ್ಣು ಬೆಳಕನ್ನು ಕೂಡಿಡುವುದಿಲ್ಲ. ಸೆಕೆಂಡಿನ ಒಂದು ಸಣ್ಣ ಭಾಗದಲ್ಲಿ ಬಿದ್ದ ಬೆಳಕನ್ನು ಗ್ರಹಿಸಿ, ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಎಷ್ಟು ಹೊತ್ತು ದಿಟ್ಟಿಸಿದರೂ ಮಸುಕಾದ ನಕ್ಷತ್ರ ಮಸುಕಾಗಿಯೇ ಇರುತ್ತದೆ.

ಕ್ಯಾಮೆರಾದೊಳಗಿನ ಬಿಲ್ಲೆಯ ರೀತಿ ಬೇರೆ. ಅದರ ಮೇಲೆ ಲಕ್ಷಗಟ್ಟಲೆ ಬೆಳಕಿನ ಗುಂಡಿಗಳಿವೆ. ಮಳೆ ಬರುವಾಗ ಸೂರಿನಡಿ ಸಾಲಾಗಿ ಕೊಡಗಳನ್ನು ಇಟ್ಟಂತೆ ಎಂದುಕೊಳ್ಳಬಹುದು. ಜೋರು ಮಳೆಯಾದರೆ ಕೊಡ ಬೇಗ ತುಂಬುತ್ತದೆ. ಜಿನುಗು ಮಳೆಯಾದರೆ ಹೆಚ್ಚು ಹೊತ್ತು ಇಡಬೇಕು. ಹನಿಗೂಡಿದರೆ ಹಳ್ಳ ಎಂಬುದು ಬೆಳಕಿಗೂ ಸಲ್ಲುವ ಮಾತು. ಈ ಜಾತಿಯ ಬಿಲ್ಲೆಗಳಲ್ಲಿ ಒಂದಾದ ಸಿಸಿಡಿಯನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕಲ್ಪಿಸಿದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಅವರಿಗೆ 2009ರಲ್ಲಿ ನೊಬೆಲ್ ಬಹುಮಾನ ಬಂತು.

ಕೊಡಕ್ಕೆ ಮಳೆಯ ನೀರಿನ ಜೊತೆ ಸೂರಿನ ಕಸವೂ ಬೀಳುತ್ತದಷ್ಟೆ. ಹಾಗೆಯೇ ಬಿಲ್ಲೆಯ ಶಾಖದಿಂದಲೇ ಹುಟ್ಟಿದ ಸುಳ್ಳು ಚುಕ್ಕೆಗಳು ಚಿತ್ರದಲ್ಲಿ ಸೇರಿಕೊಳ್ಳುತ್ತವೆ. ಇದಕ್ಕೆ ಎಷ್ಟೋ ಕ್ಯಾಮೆರಾಗಳು ಒಂದು ಉಪಾಯ ಮಾಡುತ್ತವೆ. 15 ಸೆಕೆಂಡಿನ ಚಿತ್ರವಾದ ಕೂಡಲೇ ಷಟರು ಮುಚ್ಚಿಕೊಂಡು ಇನ್ನೊಂದು 15 ಸೆಕೆಂಡಿನ ಕತ್ತಲೆಯ ಚಿತ್ರ ತೆಗೆದು, ಮೊದಲನೆಯದರಿಂದ ಅದನ್ನು ಕಳೆಯುತ್ತವೆ. ಗುಂಡಿ ಒತ್ತಿ ಅರ್ಧ ನಿಮಿಷ ಚಿತ್ರ ಬಾರದಿದ್ದರೆ ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರ್ಸ್‌ನ ಶೂನ್ಯ ದೋಷವನ್ನು ಕಳೆಯುವ ಮಕ್ಕಳಿಗೆ ಇದು ಹೊಸ ವಿಷಯವೇನಲ್ಲ.

ಉಳಿದದ್ದು, ಅಳಿದದ್ದು

ಕಾಯುವ ಕ್ಯಾಮೆರಾ ಎಲ್ಲವನ್ನೂ ನೆನಪಿಡುವುದಿಲ್ಲ. 1838ರಲ್ಲಿ ಲೂಯಿ ದಾಗೇರ್ ಎಂಬ ಫ್ರೆಂಚ್ ಗೃಹಸ್ಥ ಪ್ಯಾರಿಸ್ಸಿನ ಒಂದು ಬೀದಿಯ ಚಿತ್ರ ತೆಗೆದ. ಆಗಿನ ಫಲಕಕ್ಕೆ ಕೆಲವು ನಿಮಿಷಗಳಾದರೂ ಬೆಳಕು ಬೀಳಬೇಕಿತ್ತು. ಜನ, ಗಾಡಿ ಓಡಾಡುವ ಬೀದಿ ಚಿತ್ರದಲ್ಲಿ ಬರಿದಾಗಿ ಕಾಣುತ್ತದೆ. ಮೂಲೆಯಲ್ಲಿ ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತವನೊಬ್ಬನ ಆಕೃತಿ ಮಾತ್ರ ಸ್ಪಷ್ಟವಾಗಿ ಉಳಿದಿದೆ, ಪಾಲಿಶ್ ಹಾಕುವವನದು ಮಸುಕಾಗಿ. ನಡೆದುಹೋದವರೆಲ್ಲ ಅಳಿಸಿಹೋದರು, ನಿಂತವನು ಉಳಿದ.

ಇದೇ ನಿಯಮವನ್ನು ಮನೆಯ ಮುಂದಿನ ರಸ್ತೆಯಲ್ಲಿ ಪರೀಕ್ಷಿಸಬಹುದು. ಸಂಜೆ ಏಳೂವರೆಯ ಹೊತ್ತಿಗೆ ಕ್ಯಾಮೆರಾವನ್ನು ಕಾಂಪೌಂಡಿನ ಗೋಡೆಯ ಮೇಲೆ, ಅಕ್ಕಿಯೋ ಮರಳೋ ತುಂಬಿದ ಸಣ್ಣ ಚೀಲಕ್ಕೆ ಒರಗಿಸಿ ಇಡಬೇಕು. ಟ್ರೈಪಾಡ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಷ್ಟವಿಲ್ಲ. ಫ್ಲಾಷ್ ಆರಿಸಬೇಕು. ಬೆರಳಿನ ಅದುರು ತಾಗದಂತೆ ಸೆಲ್ಫ್ ಟೈಮರ್ ಹಾಕಬೇಕು. ಸಾಗುವ ಬಸ್ಸು, ಲಾರಿಗಳ ಮೈ ಚಿತ್ರದಲ್ಲಿ ಹೆಚ್ಚುಕಡಿಮೆ ಮಾಯವಾಗಿ, ದೀಪಗಳು ಮಾತ್ರ ಬಿಳಿ ಕೆಂಪು ಗೆರೆಗಳಾಗಿ ಉಳಿಯುತ್ತವೆ. ಕತ್ತಲೆಯ ಅಂಗಳದಲ್ಲಿ ಟಾರ್ಚಿನಿಂದ ಗಾಳಿಯಲ್ಲೇ ಹೆಸರು ಬರೆದರೆ ಅದೂ ಮೂಡುತ್ತದೆ. ಕ್ಯಾಮೆರಾಕ್ಕೆ ಎದುರಾಗಿ ನಿಂತು ಬರೆದದ್ದು ಉಲ್ಟಾ ಬಂದಾಗ ಮಕ್ಕಳು ಯಾಕೆಂದು ತಾವೇ ಕೇಳುತ್ತಾರೆ. ಪಾಠ ಶುರುವಾಗುವುದು ಅಲ್ಲಿಂದ.

ಮಹಡಿಯ ಮೇಲೆ ಒಂದು ಗಂಟೆ

ಭೂಮಿ ತನ್ನ ಅಕ್ಷದ ಸುತ್ತ ತಿರುಗುತ್ತದೆ ಎಂದು ಪ್ರಾಥಮಿಕ ಶಾಲೆಯ ಮಗುವೂ ಬರೆದು ಅಂಕ ಪಡೆಯುತ್ತದೆ. ಅದನ್ನು ಕಂಡವರೆಷ್ಟು ಮಂದಿ?

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಾರ್ಚ್ ತಿಂಗಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಹಳೆಯ ಕ್ಯಾಮೆರಾ ಹಿಡಿದು ಮಹಡಿ ಹತ್ತಿದಳೆಂದು ಇಟ್ಟುಕೊಳ್ಳೋಣ. ವಾರ್ಷಿಕ ಪರೀಕ್ಷೆ ಹತ್ತಿರ. ಅಪ್ಪ ಹಿಂದೆಯೇ ಬರುತ್ತಾರೆ.

“ಇದು ಪರೀಕ್ಷೆಗೆ ಬರುತ್ತದೇನಮ್ಮ?”

“ಬರಲ್ಲಪ್ಪ. ಒಂದೇ ಗಂಟೆ, ನೀವೂ ಕೂತ್ಕೊಳ್ಳಿ.”

ಕ್ಯಾಮೆರಾವನ್ನು ಉದ್ದುದ್ದಕ್ಕೆ ನಿಲ್ಲಿಸಿ, ನೀರಿನ ಟ್ಯಾಂಕಿನ ಅಂಚೂ ಸೇರುವಂತೆ ಉತ್ತರಕ್ಕೆ ತಿರುಗಿಸಬೇಕು. ಫೋಕಸ್ಸನ್ನು ಬೆಟ್ಟದ ಗುರುತಿಗೆ, ಐಎಸ್‌ಒ 400ಕ್ಕೆ ಇಟ್ಟರಾಯಿತು. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿರುತ್ತದೋ ಅದೇ ಹೆಚ್ಚುಕಡಿಮೆ ನಮ್ಮ ಊರಿನ ಅಕ್ಷಾಂಶ. ಬೆಂಗಳೂರಿನಲ್ಲಿ ಸುಮಾರು 13, ಕಲಬುರಗಿಯಲ್ಲಿ 17ಕ್ಕೆ ತುಸು ಮೇಲೆ. ಅದರ ಬಲಗಡೆ, ಮೇಲೆ ಸಪ್ತರ್ಷಿ ಮಂಡಲ ಏರುತ್ತಿರುತ್ತದೆ. ಎಂಟು ಗಂಟೆಗೆ 15 ಸೆಕೆಂಡಿನ ಒಂದು ಚಿತ್ರ. ಕ್ಯಾಮೆರಾವನ್ನು ಕದಲಿಸದೆ ಒಂಬತ್ತು ಗಂಟೆಗೆ ಇನ್ನೊಂದು. ನಡುವಿನ ಒಂದು ಗಂಟೆ ಅಪ್ಪ ಮಗಳಿಗೆ ಬಿಟ್ಟದ್ದು.

ಆಮೇಲಿನದು ಗಣಿತ. ಎರಡೂ ಚಿತ್ರಗಳನ್ನು ಒಂದೇ ಅಳತೆಗೆ ಮುದ್ರಿಸಿ, ತೆಳು ಹಾಳೆಯ ಮೇಲೆ ನಕ್ಷತ್ರಗಳನ್ನು ಗುರುತಿಸಬೇಕು. ಧ್ರುವದಿಂದ ಸಪ್ತರ್ಷಿಯ ಒಂದು ನಕ್ಷತ್ರಕ್ಕೆ ಎಂಟು ಗಂಟೆಯ ಗೆರೆ, ಒಂಬತ್ತು ಗಂಟೆಯ ಗೆರೆ. ನಡುವಿನ ಕೋನವನ್ನು ಕೋನಮಾಪಕದಿಂದ ಅಳೆದರೆ ಸುಮಾರು 15 ಡಿಗ್ರಿ ಬರಬೇಕು. ಮಸೂರದ ಕಾರಣದಿಂದ ಎರಡು ಮೂರು ಡಿಗ್ರಿ ಆಚೀಚೆಯಾದೀತು. ಗಂಟೆಗೆ 15 ಆದರೆ 360 ಡಿಗ್ರಿಗೆ 24 ಗಂಟೆ. ಪುಸ್ತಕದಲ್ಲಿದ್ದ ಸಂಖ್ಯೆ ಮನೆಯ ಮಹಡಿಯ ಮೇಲೆ ಸಿಕ್ಕಿತು.

ಇನ್ನೂ ಒಂದು ಸ್ವಾರಸ್ಯವಿದೆ. ಕಂಪ್ಯೂಟರಿನಲ್ಲಿ ಎರಡೂ ಚಿತ್ರಗಳನ್ನು ಹಿಗ್ಗಿಸಿ, ಟ್ಯಾಂಕಿನ ಅಂಚಿನಿಂದ ಅಳೆದರೆ ಧ್ರುವವೂ ಕೂದಲೆಳೆಯಷ್ಟು ಸರಿದಿರುತ್ತದೆ. “ಧ್ರುವ ಅಲುಗುವುದುಂಟೆ?” ಎಂದು ಅಪ್ಪ ಕನ್ನಡಕ ಹಾಕಿಕೊಂಡು ಬಗ್ಗುವುದು ಈಗ. ಆಕಾಶದ ನಿಜವಾದ ಉತ್ತರ ಧ್ರುವ ಬಿಂದುವಿನಿಂದ ಆ ನಕ್ಷತ್ರ ಮುಕ್ಕಾಲು ಡಿಗ್ರಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿದ್ದು, ತಾನೂ ಒಂದು ಸಣ್ಣ ವೃತ್ತದಲ್ಲಿ ಸುತ್ತುತ್ತದೆ. ತಾಯಿಯ ತೊಡೆಯ ಮೇಲೆ ಕೇಳಿದ ಕಥೆಯ ಬೆಲೆ ಇದರಿಂದ ಕುಂದುವುದಿಲ್ಲ. ಆದರೆ ಯಾರು ಹೇಳಿದರೂ ಒಮ್ಮೆ ಅಳೆದು ನೋಡಬಹುದು ಎಂಬ ಧೈರ್ಯ ಒಂಬತ್ತನೆಯ ತರಗತಿಯಲ್ಲೇ ಬಂದರೆ ಅದು ಅಂಕಪಟ್ಟಿಯಲ್ಲಿ ಕಾಣದ ಲಾಭ.

ದೊಡ್ಡವರದೂ ಇದೇ ದಾರಿ

1995ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕವನ್ನು ಸಪ್ತರ್ಷಿ ಮಂಡಲದ ದಿಕ್ಕಿನಲ್ಲೇ, ಏನೂ ಇಲ್ಲವೆಂಬಂತೆ ಕಾಣುತ್ತಿದ್ದ ಒಂದು ಚೂರು ಆಕಾಶದ ಕಡೆ ಹತ್ತು ದಿನ ತಿರುಗಿಸಿಟ್ಟರು. 342 ಚಿತ್ರಗಳ ಬೆಳಕನ್ನು ಕೂಡಿಸಿದಾಗ ಆ ಖಾಲಿ ಜಾಗದಲ್ಲಿ ಸುಮಾರು 3,000 ಗ್ಯಾಲಕ್ಸಿಗಳು ಕಂಡವು. ಮಹಡಿಯ ಗೋಡೆಯ ಮೇಲಿನ ಕ್ಯಾಮೆರಾ ಮಾಡುವುದೂ ಅದೇ ಕೆಲಸ, ಅಳತೆ ಮಾತ್ರ ಬೇರೆ.

ಇಂದಿನ ಫೋನುಗಳೂ ರಾತ್ರಿಯ ಚಿತ್ರ ತೆಗೆಯುತ್ತವೆ, ಸೊಗಸಾಗಿಯೇ ತೆಗೆಯುತ್ತವೆ. ಹಲವು ಚಿತ್ರಗಳನ್ನು ತಾವೇ ಕೂಡಿಸಿ, ತಾವೇ ತಿದ್ದಿ ಕೈಗೆ ಕೊಡುತ್ತವೆ. ಎಷ್ಟು ಹೊತ್ತು ತೆರೆದಿಡಬೇಕು, ಎಲ್ಲಿ ಒರಗಿಸಬೇಕು ಎಂದು ಯೋಚಿಸುವ ಕೆಲಸ ನೋಡುವವರಿಗೆ ಉಳಿಯುವುದಿಲ್ಲ. ಹಳೆಯ ಕ್ಯಾಮೆರಾ ಆ ಕೆಲಸವನ್ನು ಮಕ್ಕಳ ಕೈಗೇ ಬಿಡುತ್ತದೆ.

ಖರ್ಚೇನೂ ಹೆಚ್ಚಿಲ್ಲ: ಒಂದು ಜೊತೆ ಹೊಸ ಸೆಲ್ಲು, ಇಲ್ಲವೆ ಹುಡುಕಿ ತೆಗೆದ ಚಾರ್ಜರು, ಬೀದಿದೀಪ ನೇರ ಬೀಳದ ಒಂದು ಮೂಲೆ. ಅದು ಪೇಟೆಯಲ್ಲಿ ಸಿಗದಿದ್ದರೆ ಊರಿನಲ್ಲಿ ಅಜ್ಜಿಯ ಮನೆಯ ಅಂಗಳ. ಉಳಿದದ್ದು ದೊಡ್ಡವರ ಒಂದು ಗಂಟೆ. ಅದನ್ನು ಕೊಡುವುದೇ ಕಷ್ಟವೆನ್ನಿಸಬಹುದು. ಆದರೆ ಒಂಬತ್ತು ಗಂಟೆಯ ಚಿತ್ರ ಬರುವವರೆಗೆ ಎದ್ದುಹೋಗುವಂತಿಲ್ಲ.