ಹಳೆಯ ಟ್ರ್ಯಾಕ್ಟರೊಂದು ಮನೆಗೆ ಬಂದ ಬಗೆ

ಮೇಷ್ಟ್ರು ಈ ವಯಸ್ಸಿನಲ್ಲಿ ಟ್ರ್ಯಾಕ್ಟರ್ ಕೊಂಡರಂತೆ ಎಂಬ ಸುದ್ದಿ ನಿಮ್ಮಲ್ಲಿ ಅನೇಕರಿಗೆ ತಲುಪಿದೆ. ಉಳುವುದಕ್ಕೆ ನನಗೆ ಹೊಲವಿಲ್ಲ. ಹಿತ್ತಿಲಲ್ಲಿರುವುದು ನಾಲ್ಕು ತೆಂಗಿನ ಮರ. ಹೀಗಿರುವಾಗ ಏಕೆ ಕೊಂಡಿರೆಂದು ಫೋನಿನಲ್ಲಿ ವಿಚಾರಿಸಿದವರಿಗೆಲ್ಲ ಇಲ್ಲಿಯೇ ಉತ್ತರ ಬರೆಯುತ್ತಿದ್ದೇನೆ.

ಕೊಂಡದ್ದು ಎಚ್‌ಎಂಟಿ ಜೀಟರ್ ೨೫೧೧. ೧೯೫೩ರಲ್ಲಿ ನಮ್ಮ ಬೆಂಗಳೂರಿನಲ್ಲಿ ಯಂತ್ರೋಪಕರಣಗಳ ತಯಾರಿಕೆಯಿಂದ ಆರಂಭವಾಗಿ, ಮುಂದೆ ನಮ್ಮೆಲ್ಲರ ಮಣಿಕಟ್ಟಿಗೆ ಗಡಿಯಾರ ಕಟ್ಟಿದ ಸಂಸ್ಥೆಯೇ ೧೯೭೧ರಲ್ಲಿ ಹರಿಯಾಣದ ಪಿಂಜೋರಿನಲ್ಲಿ, ಚೆಕೊಸ್ಲೊವಾಕಿಯಾದ ಸಹಯೋಗದೊಡನೆ, ಇದನ್ನು ತಯಾರಿಸತೊಡಗಿತು. ಎರಡೇ ಸಿಲಿಂಡರು, ೨೫ ಅಶ್ವಶಕ್ತಿ. ಆ ಟ್ರ್ಯಾಕ್ಟರ್ ಘಟಕವನ್ನು ಮುಚ್ಚಲು ಕೇಂದ್ರ ಸರ್ಕಾರ ೨೦೧೬ರಲ್ಲಿ ತೀರ್ಮಾನಿಸಿತು.

ನಮ್ಮ ನೆಂಟರ ಊರಿನ ಹಿರಿಯ ರೈತರೊಬ್ಬರ ಕೊಟ್ಟಿಗೆಯಲ್ಲಿ ಇದು ಹನ್ನೆರಡು ವರ್ಷದಿಂದ ನಿಂತಿತ್ತು. ಗುಜರಿಯವನು ಎರಡು ಸಲ ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದ. "ಮೂರು ಮಕ್ಕಳ ಓದು ಇದರ ದುಡಿಮೆಯಲ್ಲೇ ಮುಗೀತು ಮೇಷ್ಟ್ರೇ, ಕತ್ತರಿಸೋನ ಕೈಗೆ ಕೊಡೋಕೆ ಮನಸ್ಸು ಬರಲಿಲ್ಲ" ಎಂದರು.

ಸಂಗ್ರಹಕಾರರ ದಾರಿಯಲ್ಲಿ ನನ್ನದು ಮೊದಲ ಹೆಜ್ಜೆ. ಆದ್ದರಿಂದ ಎಪ್ಪತ್ತು ದಾಟಿದ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ದಿದ್ದೆ. ಅವರು ಬಣ್ಣವನ್ನು ನೋಡಲೇ ಇಲ್ಲ. ಮೊದಲು ಆಯಿಲ್ ಕಡ್ಡಿಯನ್ನು ಎಳೆದು ನೋಡಿದರು. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆಯೆಂದು ಅರ್ಥ. ಬಳಿಕ ಗೇರಿಗೆ ಹಾಕಿ ಹಿಂದೆ ಮುಂದೆ ತಳ್ಳಿಸಿದರು. ಫ್ಯಾನ್ ಕದಲಿತು, ಎಂಜಿನ್ ಜಾಮ್ ಆಗಿರಲಿಲ್ಲ. "ಟೈರು, ಬ್ಯಾಟರಿ ಹೋದ್ರೆ ಅಂಗಡೀಲಿ ಸಿಗುತ್ತೆ, ಬ್ಲಾಕ್ ಸೀಳಿದ್ರೆ ಎಲ್ಲಿ ಹುಡುಕೋಣ?" ಎಂದು ಟಾರ್ಚು ಹಿಡಿದು ಪ್ರತಿಯೊಂದು ಮೂಲೆಯನ್ನೂ ಪರೀಕ್ಷಿಸಿದರು. ಎಂಜಿನ್ ಮತ್ತು ಚಾಸಿಯ ಸಂಖ್ಯೆಗಳನ್ನು ಆರ್‌ಸಿ ಪುಸ್ತಕದೊಂದಿಗೆ ನಾನು ತಾಳೆ ನೋಡಿದೆ. ಐವತ್ತು ವರ್ಷ ಮೀರಿದ ವಾಹನಗಳಿಗೆ ೨೦೨೧ರಲ್ಲಿ ಬಂದ ವಿಶೇಷ ನೋಂದಣಿ ನಿಯಮ ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ ಮಾತ್ರ. ಟ್ರ್ಯಾಕ್ಟರಿಗೆ ಎಂದಿನ ನವೀಕರಣವೇ ಗತಿ. ಹಾಗಾಗಿ ಕಾಗದಪತ್ರ ಸರಿಯಿಲ್ಲದ ಹಳೆಯ ಯಂತ್ರ ಎಷ್ಟು ಅಗ್ಗವಾದರೂ ದುಬಾರಿಯೇ.

ಪಿಂಚಣಿಯಲ್ಲಿ ಉಳಿಸಿದ್ದ ಎಪ್ಪತ್ತು ಸಾವಿರ ಕೊಟ್ಟೆ. ಮನೆಯಾಕೆ ಎರಡು ದಿನ ಮಾತು ಬಿಟ್ಟದ್ದು ಬೇರೆ ವಿಷಯ.

ಈಗ ಭಾನುವಾರಗಳಂದು ಆ ಮೆಕ್ಯಾನಿಕ್ ಬರುತ್ತಾರೆ. ಅವರ ಮಕ್ಕಳಾರೂ ಈ ಕಸುಬಿನಲ್ಲಿಲ್ಲ. ಡೀಸೆಲ್ ಪೈಪಿನಲ್ಲಿ ಸೇರಿದ ಗಾಳಿಯನ್ನು ಹೊರಗೆ ಬಿಡುವ ಕ್ರಮ, ಟ್ಯಾಪೆಟ್ಟಿನ ಅಂತರ ಹೊಂದಿಸುವ ಬಗೆ ಮುಂತಾದುವನ್ನು ಅವರು ಹೇಳುತ್ತಾರೆ, ನಾನು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಪಕ್ಕದ ಬೀದಿಯ ಇಬ್ಬರು ಐಟಿಐ ಹುಡುಗರು ಸ್ಪ್ಯಾನರ್ ಹಿಡಿಯುತ್ತಾರೆ. ಕಬ್ಬಿಣ ಇನ್ನೂ ಐವತ್ತು ವರ್ಷ ಬಾಳೀತು. ಅದನ್ನು ಬಲ್ಲ ಕೈಗಳಿಗೆ ಅಷ್ಟು ಕಾಲವಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇಂಥ ಆಸೆ ಹುಟ್ಟಿದರೆ, ಟ್ರ್ಯಾಕ್ಟರಿಗಿಂತ ಮೊದಲು ಅಂಥ ಕೈಗಳನ್ನು ಹುಡುಕಿಕೊಳ್ಳಿ.

ಹಾಗೆಯೇ, ಯಾರ ಮನೆಯ ಅಟ್ಟದ ಮೇಲಾದರೂ ೨೫೧೧ರ ಹಳೆಯ ಕೈಪಿಡಿ ಇದ್ದರೆ ದಯವಿಟ್ಟು ತಿಳಿಸಿ. ಪ್ರತಿ ಮಾಡಿಸಿಕೊಂಡು ಜೋಪಾನವಾಗಿ ಹಿಂದಿರುಗಿಸುವೆ.