ಉಗಾದಿಗೆ ಬರುವ ಅಪ್ಪ ಮತ್ತು ಒಂದು ‘ಎಸ್’

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕಿನ ಹಳ್ಳಿಗಳಲ್ಲಿ ಸುದ್ದಿಗಾಗಿ ತಿರುಗುವ ನಾವು, ಬಿಡುವಿದ್ದ ರವಿವಾರ ಐದು, ಆರನೇ ತರಗತಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇವೆ. ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಆದರೂ ‘ಸಿಂಪಲ್ ಪ್ರೆಸೆಂಟ್’ ಎಂದ ಕೂಡಲೇ ಮಕ್ಕಳ ಬಾಯಿ ಕಟ್ಟುತ್ತದೆ. ನಾವು ಕಲಿಯುವಾಗಲೂ ಹೀಗೇ ಆಗಿತ್ತು.

ತಪ್ಪು ಹೆಚ್ಚಾಗಿ ಒಂದೇ. ‘ಮೈ ಮದರ್ ಗೋಸ್’ ಅನ್ನುವಲ್ಲಿ ‘ಗೋ’ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಹೋಗ್ತೀನಿ, ಹೋಗ್ತೀ, ಹೋಗ್ತಾನ, ಹೋಗ್ತಾಳ, ಹೋಗ್ತಾರ, ಹೋಗ್ತೈತಿ ಎಂದು ಎಷ್ಟೊಂದು ಬಾಲ! ಇಂಗ್ಲಿಷಿನಲ್ಲಿ ಐ, ಯು, ವಿ, ದೇ ಬಂದರೆ ಬರೀ ‘ಗೋ’. ಹಿ, ಶಿ, ಇಟ್ ಬಂದರೆ ಮಾತ್ರ ಬಾಲ. ‘ಅಷ್ಟು ಬಾಲ ತಪ್ಪದೆ ಹಚ್ಚವರಿಗೆ ಇದೊಂದು ಯಾವ ಲೆಕ್ಕ?’ ಎಂದಾಗ ಮಕ್ಕಳು ನಕ್ಕರು.

ಇನ್ನೊಂದು ತೊಡಕು ಹೆಸರಿನದು. ವರ್ತಮಾನ ಅಂದರೆ ಈಗ ನಡೆದಿರುವುದು ಎಂದು ಮಕ್ಕಳು ತಿಳಿಯುತ್ತಾರೆ. ‘ಅವ್ವ ಈಗ ಹೊಲಕ್ಕ ಹೊಂಟಾಳ’ ಬೇರೆ, ‘ಅವ್ವ ದಿನಾ ಹೊಲಕ್ಕ ಹೋಗ್ತಾಳ’ ಬೇರೆ. ಸಿಂಪಲ್ ಪ್ರೆಸೆಂಟ್ ಎರಡನೆಯದು. ಅದಕ್ಕೇ ಬೋರ್ಡಿನ ಮೇಲೆ ದೊಡ್ಡದಾಗಿ ‘ದಿನಾ’ ಎಂದು ಬರೆದೆವು. ಕಾಕಾ ಕಬ್ಬು ‘ಕಟ್ಸ್’, ಅಜ್ಜಿ ಎಮ್ಮಿ ಹಾಲು ‘ಸೆಲ್ಸ್’, ಘಟಪ್ರಭಾ ‘ಫ್ಲೋಸ್’. ಮಕ್ಕಳು ಸಾಲು ಸಾಲು ಹೇಳಿದರು.

ಒಬ್ಬ ಹುಡುಗಿ ಮಾತ್ರ ‘ಮೈ ಫಾದರ್ ಕಮ್ ಹೋಮ್’ ಎಂದು ಬರೆದಿದ್ದಳು.

‘ಎಸ್ ಯಾಕ ಬಿಟ್ಟೆವಾ?’ ಎಂದೆವು.

ಆಕೆ ತುಸು ಹೊತ್ತು ಸುಮ್ಮನಿದ್ದಳು. ‘ಅಪ್ಪ ದಿನಾ ಬರಂಗಿಲ್ರಿ ಸರ್. ಗೋವಾದಾಗ ದುಡೀತಾನ್ರಿ. ಉಗಾದಿಗಷ್ಟ ಬರ್ತಾನ. ಅವಂಗೂ ಎಸ್ ಹಚ್ಚಬೇಕೇನ್ರಿ?’

ನಮ್ಮ ಬಾಯಿ ಕಟ್ಟಿತು. ಆಕೆ ನಿಯಮ ಮರೆತಿರಲಿಲ್ಲ. ನಾವು ಬರೆದ ‘ದಿನಾ’ ಎಂಬ ಮಾತನ್ನೇ ನಂಬಿದ್ದಳು. ತಪ್ಪು ನಮ್ಮದು. ಸಿಂಪಲ್ ಪ್ರೆಸೆಂಟ್ ದಿನದ ಮಾತಷ್ಟೇ ಅಲ್ಲ, ರೂಢಿಯ ಮಾತು. ವಾರಕ್ಕೊಮ್ಮೆ ಸಂತೆಗೆ ಹೋಗುವುದೂ ಅದೇ, ವರ್ಷಕ್ಕೊಮ್ಮೆ ಊರಿಗೆ ಬರುವುದೂ ಅದೇ.

‘ದಿನಾ’ ಅಳಿಸಿ ‘ರೂಢಿ’ ಎಂದು ಬರೆದೆವು. ಆಕೆ ತಿದ್ದಿ ಬರೆದಳು: ‘ಮೈ ಫಾದರ್ ಕಮ್ಸ್ ಹೋಮ್ ಎವರಿ ಉಗಾದಿ.’

ನಿಮ್ಮ ಮನೆಯಲ್ಲೂ ಓದುವ ಮಕ್ಕಳಿದ್ದರೆ ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಕೇಳಿ ನೋಡಿ: ನಮ್ಮ ಮನೆಯಲ್ಲಿ ಯಾರು ಏನು ಮಾಡುತ್ತಾರೆ, ಯಾವಾಗ ಬರುತ್ತಾರೆ? ಮೊದಲು ಕನ್ನಡದಲ್ಲಿ ಹೇಳಲಿ. ‘ಎಸ್’ ಆಮೇಲೆ ಹಚ್ಚಿದರಾಯಿತು.