ವಾಲ್ಟರ್ ಆಮೇಲೆ ಏನಾದ?

ಕಲ್ಯಾಣದ ನಮ್ಮ ಮನೆಗೆ ಬೈಬಲ್ ಕಥೆಗಳು ಎರಡು ದಾರಿಯಿಂದ ಬರುತ್ತವೆ. ಬೆಟಗೇರಿಯಿಂದ ಬಂದು ನಮ್ಮ ಜೊತೆಗಿರುವ ಅವ್ವ ಕನ್ನಡ ಸತ್ಯವೇದ ಓದಿ ಹೇಳುತ್ತಾಳೆ. ಹತ್ತು ವರ್ಷದ ಮಗಳು ಟಿವಿಯಲ್ಲಿ ಇಂಗ್ಲಿಷ್ ಆನಿಮೇಷನ್ ನೋಡುತ್ತಾಳೆ. ವಾರದ ದಿನಗಳಲ್ಲಿ ನಾನು ಲೋಕಲ್ ಇಳಿದು ಮನೆ ಸೇರುವಷ್ಟರಲ್ಲಿ ಎರಡೂ ಮುಗಿದಿರುತ್ತವೆ.

ಕಾರ್ಟೂನಿನಲ್ಲಿ ದೇವರೇ ಎಂದು ಮೂಗು ಮುರಿಯುವವನು ನಾನಲ್ಲ. 1981ರಲ್ಲಿ ಜಪಾನಿನ ತತ್ಸುನೊಕೊ ಸ್ಟುಡಿಯೊ ‘ಸೂಪರ್‌ಬುಕ್’ ಮಾಡಿದಾಗ ಇಬ್ಬರು ಮಕ್ಕಳನ್ನೂ ಒಂದು ರೋಬೊವನ್ನೂ ಬೈಬಲ್ಲಿನ ಕಾಲಕ್ಕೇ ಕಳಿಸಿತು. ಕೇಳುವವರಿಗೆ ಒಗ್ಗುವ ರೂಪದಲ್ಲಿ ಹೇಳುವ ಈ ಉಪಾಯ ಹೊಸದೇನಲ್ಲ. ನಿಘಂಟಿನ ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿಗೇ ತಂದಿದ್ದರು. ನನ್ನ ತಕರಾರು ಒಂದೇ: ಈ ಚಿತ್ರಗಳಲ್ಲಿ ಎಂಥ ಪ್ರಶ್ನೆಗೂ ಹಾಡು ಮುಗಿಯುವುದರೊಳಗೆ ಉತ್ತರ ಸಿಕ್ಕಿಬಿಡುತ್ತದೆ.

ಒಂದು ಭಾನುವಾರ ಮೂವರೂ ಕೂತು ‘ದ ಕಿಂಗ್ ಆಫ್ ಕಿಂಗ್ಸ್’ ನೋಡಿದೆವು. ಕೊರಿಯಾದ ನಿರ್ದೇಶಕರೊಬ್ಬರ 2025ರ ಚಿತ್ರ. ಆರ್ಥರ್ ರಾಜನ ಹುಚ್ಚು ಹಿಡಿದ ತುಂಟ ಮಗ ವಾಲ್ಟರ್‌ಗೆ ಚಾರ್ಲ್ಸ್ ಡಿಕನ್ಸ್ ಯೇಸುವಿನ ಕಥೆ ಹೇಳುತ್ತಾನೆ. ಡಿಕನ್ಸ್ ನಿಜವಾಗಿಯೂ ತನ್ನ ಮಕ್ಕಳಿಗಾಗಿ ಅಂಥದೊಂದು ಪುಸ್ತಕ ಬರೆದಿದ್ದ. ಮನೆಯೊಳಗೆ ಓದಲಿಕ್ಕೆ ಮಾತ್ರ, ಅಚ್ಚಾದದ್ದು 1934ರಲ್ಲಿ.

“ವಾಲ್ಟರ್ ದೊಡ್ಡವನಾಗಿ ಏನಾದ ಪಪ್ಪಾ?”

ಬಾಕಿ ಉಳಿದ ಪ್ರಶ್ನೆಯನ್ನು ಸಂಜೆಯೊಳಗೆ ಮುಗಿಸುವುದು ನನ್ನ ಹೊಟ್ಟೆಪಾಡು. ಹುಡುಕಿದೆ. 1857ರಲ್ಲಿ, ಹದಿನಾರನೇ ವಯಸ್ಸಿಗೆ, ವಾಲ್ಟರ್ ಸೈನ್ಯದ ಕೆಲಸಕ್ಕೆಂದು ಭಾರತಕ್ಕೆ ಬಂದ. ಸಾಲ ಮಾಡಿಕೊಂಡ, ಕಾಯಿಲೆ ಬಿದ್ದ. ಊರಿಗೆ ಹೊರಟವನು 1863ರ ಡಿಸೆಂಬರ್ 31ರಂದು ಕಲ್ಕತ್ತೆಯಲ್ಲಿ ತೀರಿಕೊಂಡ. ಇಪ್ಪತ್ತೆರಡು ವರ್ಷ. ಸುದ್ದಿ ಅಪ್ಪನಿಗೆ ಮುಟ್ಟಿದ್ದು ಮುಂದಿನ ಫೆಬ್ರವರಿ 7ಕ್ಕೆ, ಅವನ ಹುಟ್ಟುಹಬ್ಬದ ದಿನ.

ಹೇಳಲೋ ಬೇಡವೋ ಎಂದು ಸ್ವಲ್ಪ ಹೊತ್ತು ಯೋಚಿಸಿ ಹೇಳಿದೆ. ಮಗಳು ಸುಮ್ಮನಿದ್ದಳು. ಆಮೇಲೆ, “ಲಾಜರನನ್ನು ಎಬ್ಬಿಸಿದ ಯೇಸುಸ್ವಾಮಿ ವಾಲ್ಟರ್‌ನನ್ನು ಯಾಕೆ ಎಬ್ಬಿಸಲಿಲ್ಲ?” ಅಂದಳು.

ನನ್ನ ಬಳಿ ಉತ್ತರವಿರಲಿಲ್ಲ. ಅವ್ವ ಅಂದಳು: “ನಿನ್ನ ಕಾಕಾನ್ನೂ ಎಬ್ಬಿಸಲಿಲ್ಲ ತಂಗಿ.”

ನನ್ನ ತಮ್ಮನೂ ದುಡಿಯಲು ಊರು ಬಿಟ್ಟವನು, ಊರಿಗೆ ಜೀವಂತ ಮರಳಲಿಲ್ಲ. ಹದಿನೇಳು ವರ್ಷವಾಯಿತು. ಅವ್ವ ಅವನ ಮಾತೆತ್ತಿದ್ದು ಮಗಳು ಹುಟ್ಟಿದ ಮೇಲೆ ಇದೇ ಮೊದಲು. ಆಕೆ ಸತ್ಯವೇದದಲ್ಲಿ ಯೋಹಾನನ ಹನ್ನೊಂದನೇ ಅಧ್ಯಾಯ ತೆಗೆದು, ಲಾಜರನನ್ನು ಎಬ್ಬಿಸುವ ಮುಂಚೆ ಯೇಸು ಅತ್ತ ಜಾಗದ ಮೇಲೆ ಬೆರಳಿಟ್ಟಳು. “ಎಬ್ಬಿಸಿದ್ದು ಆಮ್ಯಾಲೆ. ಮೊದಲ ಇದನ್ನ ಓದು.”

ಮಗಳು ಕನ್ನಡ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು. ಬಹಳ ಹೊತ್ತು ಹಿಡಿಯಿತು. ಓದಿ ಮುಗಿಸಿ ಕಾಕಾನ ಫೋಟೊ ಕೇಳಿದಳು. ಅವ್ವ ಟ್ರಂಕಿನ ಕೀಲಿ ಹುಡುಕತೊಡಗಿದಳು.